ಶರೀರದ ಕಾವಲು ಮತ್ತು ದಂಪತಿಗಳ ರಕ್ತಪರೀಕ್ಷೆ

ಕಂಪ್ಲಿಯ ಗದ್ದೆಯಲ್ಲಿ ಭತ್ತ ಕೊಯ್ಯುವಾಗ ಕುಡುಗೋಲು ತಗುಲಿ ಬೆರಳಿಗೆ ಗಾಯವಾಯಿತೆನ್ನೋಣ. ಕೆಲವು ಗಂಟೆಗಳಲ್ಲಿ ಆ ಭಾಗವು ಕೆಂಪಾಗಿ, ಊದಿಕೊಂಡು, ಬಿಸಿಯಾಗುತ್ತದೆ. ಸಂಡೂರಿನ ಗಣಿಯಲ್ಲಿ ಕಲ್ಲು ತಗುಲಿದವರಿಗೂ, ಹಂಪಿಯ ಹೊಲದಲ್ಲಿ ಮುಳ್ಳು ಚುಚ್ಚಿಸಿಕೊಂಡವರಿಗೂ ಇದು ಅನುಭವದ ಮಾತು. ಊತವನ್ನು ಕಂಡು ನಾವು ಅಂಜುತ್ತೇವೆ. ಆದರೆ ಅದು ಶರೀರವು ತನ್ನ ರಕ್ಷಣೆಯ ಕಾರ್ಯವನ್ನು ಆರಂಭಿಸಿರುವುದರ ಗುರುತು.

ಕರೆ ಮತ್ತು ಕಿವಿ

ಗಾಯಗೊಂಡ ಅಂಗಾಂಶವು ‘ಕೀಮೊಕೈನ್’ ಎಂಬ ಅತಿ ಸೂಕ್ಷ್ಮವಾದ ಸಸಾರಜನಕ ವಸ್ತುಗಳನ್ನು ಹೊರಸೂಸುತ್ತದೆ. ಊರಿನಲ್ಲಿ ಡಂಗುರ ಸಾರಿದಂತೆ, ಇವು ರಕ್ತದಲ್ಲಿ ಸಂಚರಿಸುವ ಬಿಳಿಯ ಕಣಗಳನ್ನು ಗಾಯದ ಕಡೆಗೆ ಕರೆಯುತ್ತವೆ. ಆ ಕರೆಯನ್ನು ಕೇಳಲು ಬಿಳಿಯ ಕಣಗಳ ಹೊರಮೈಯಲ್ಲಿ ‘ಗ್ರಾಹಕ’ಗಳೆಂಬ ಕಿವಿಗಳಿವೆ. ಮಾನವ ಶರೀರದಲ್ಲಿ ಸುಮಾರು 50 ಬಗೆಯ ಕೀಮೊಕೈನ್‌ಗಳೂ ಸುಮಾರು 20 ಬಗೆಯ ಗ್ರಾಹಕಗಳೂ ಇವೆ. ಗ್ರಾಹಕವು ತನಗೆ ಹೊಂದುವ ಕರೆಗೆ ಮಾತ್ರ ಓಗೊಡುತ್ತದೆ. ಆದುದರಿಂದಲೇ ಚರ್ಮಕ್ಕೆ, ಕರುಳಿಗೆ, ಶ್ವಾಸಕೋಶಕ್ಕೆ ಬೇಕಾದ ಕಣಗಳು ಆಯಾ ಸ್ಥಳವನ್ನು ಸೇರುತ್ತವೆ.

ವೈರಿಯು ನುಗ್ಗುವ ಬಾಗಿಲು

ಇಂತಹ ಉಪಕಾರಿ ಗ್ರಾಹಕವನ್ನೇ ಎಚ್.ಐ.ವಿ. ರೋಗಾಣುವು ಬಾಗಿಲಾಗಿ ಬಳಸಿಕೊಳ್ಳುತ್ತದೆ. ‘ಸಿ.ಸಿ.ಆರ್.5’ ಎಂಬ ಗ್ರಾಹಕದ ಮೂಲಕ ಅದು ಬಿಳಿಯ ಕಣದೊಳಗೆ ನುಗ್ಗುತ್ತದೆಂಬುದನ್ನು ವಿಜ್ಞಾನಿಗಳು 1996ರಲ್ಲಿ ಕಂಡುಹಿಡಿದರು. ಕಾವಲುಗಾರನೇ ಸೆರೆಯಾದ ಮೇಲೆ ಮನೆಗೆ ರಕ್ಷಣೆ ಎಲ್ಲಿಯದು? ಕ್ರಮೇಣ ಶರೀರವು ಕ್ಷಯ ಮೊದಲಾದ ರೋಗಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಯೂರೋಪಿನ ಕೆಲವರಲ್ಲಿ ಈ ಗ್ರಾಹಕವು ಹುಟ್ಟಿನಿಂದಲೇ ಇರುವುದಿಲ್ಲ. ನಮ್ಮ ದೇಶದಲ್ಲಿ ಅಂಥವರು ಅತಿ ವಿರಳ. ಆದುದರಿಂದ “ನಾನು ಗಟ್ಟಿಮುಟ್ಟಾಗಿದ್ದೇನೆ, ನನಗೇನೂ ಆಗದು” ಎಂಬ ಭಾವನೆಗೆ ಆಧಾರವಿಲ್ಲ.

ಹುಣ್ಣನ್ನು ಬಚ್ಚಿಡಬಾರದು

ಜನನೇಂದ್ರಿಯದಲ್ಲಿ ಹುಣ್ಣು ಅಥವಾ ಉರಿಯೂತವಿದ್ದಲ್ಲಿ, ಅಲ್ಲಿನ ಅಂಗಾಂಶವೂ ಬಿಳಿಯ ಕಣಗಳನ್ನು ಕರೆಯುತ್ತದೆ. ರೋಗಾಣುವು ಹುಡುಕುವ ಕಣಗಳೇ ಅಲ್ಲಿ ಗುಂಪುಗೂಡುವುದರಿಂದ ಸೋಂಕು ತಗುಲುವ ಸಂಭವ ಹೆಚ್ಚುತ್ತದೆ. ಇಂತಹ ತೊಂದರೆಯನ್ನು ನಾಚಿಕೆಯಿಂದ ಮುಚ್ಚಿಡದೆ ಪತಿಪತ್ನಿಯರಿಬ್ಬರೂ ಕೂಡಿ ಚಿಕಿತ್ಸೆ ಪಡೆಯತಕ್ಕದ್ದು. ಗುಣವಾಗುವವರೆಗೆ ನಿರೋಧ್ ಬಳಸುವುದು ಅವಶ್ಯಕ.

ದಂಪತಿಗಳ ಕರ್ತವ್ಯ

ದುಡಿಮೆಗಾಗಿ ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಕುಟುಂಬಗಳು ಹೊಸಪೇಟೆ, ಸಂಡೂರು ಸೀಮೆಯಲ್ಲಿ ಕಡಮೆಯೇನಲ್ಲ. ಯಾರನ್ನೂ ಸಂಶಯಿಸದೆ, ಗರ್ಭ ನಿಂತ ಮೊದಲ ತಿಂಗಳುಗಳಲ್ಲಿಯೇ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯು ಉಚಿತ. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಫಲಿತಾಂಶವನ್ನು ಬಹಿರಂಗಪಡಿಸುವುದನ್ನೂ 2017ರ ಕಾಯಿದೆಯು ನಿಷೇಧಿಸಿದೆ.

ಗರ್ಭಿಣಿಗೆ ಮೊದಲು ಪರೀಕ್ಷೆ ನಡೆಯುವುದರಿಂದ ಸೋಂಕು ಅನೇಕ ವೇಳೆ ಅವಳಲ್ಲಿಯೇ ಮೊದಲು ತಿಳಿದುಬರುತ್ತದೆ. ಮೊದಲು ತಿಳಿದುಬಂದವರೇ ಸೋಂಕನ್ನು ತಂದವರೆಂದು ದೂಷಿಸುವುದು ತಪ್ಪು. ಸೊಸೆಯನ್ನು ತವರಿಗೆ ಕಳುಹಿಸುವುದರಿಂದ ರೋಗ ನಿಲ್ಲುವುದಿಲ್ಲ, ಚಿಕಿತ್ಸೆಯಿಂದ ನಿಲ್ಲುತ್ತದೆ.

ಚಿಕಿತ್ಸೆ ಪಡೆಯದಿದ್ದಲ್ಲಿ, ಸೋಂಕುಳ್ಳ ತಾಯಂದಿರ 100 ಶಿಶುಗಳಲ್ಲಿ 15ರಿಂದ 45 ಶಿಶುಗಳಿಗೆ ಸೋಂಕು ತಗುಲಬಹುದು. ತಾಯಿಯು ಸಕಾಲದಲ್ಲಿ ಮಾತ್ರೆ ಸೇವಿಸಿ, ಶಿಶುವಿಗೂ ಔಷಧಿ ಕೊಡಿಸಿದಲ್ಲಿ ಈ ಸಂಖ್ಯೆಯು 5ಕ್ಕಿಂತ ಕೆಳಗಿಳಿಯುತ್ತದೆ. ಎದೆಹಾಲಿನ ವಿಷಯದಲ್ಲಿ ವೈದ್ಯರ ಸಲಹೆಯಂತೆ ನಡೆಯಬೇಕು. ಸರ್ಕಾರವು 2004ರಿಂದ ಈ ಮಾತ್ರೆಗಳನ್ನು ಉಚಿತವಾಗಿ ಒದಗಿಸುತ್ತಿದೆ. ದಿನವೂ ತಪ್ಪದೆ ಸೇವಿಸಿ, ಪರೀಕ್ಷೆಗೆ ಸಿಕ್ಕದಷ್ಟು ರೋಗಾಣುಗಳು ಕುಗ್ಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ, ಮಗುವನ್ನು ಎತ್ತಿ ಮುದ್ದಿಸುವುದರಿಂದಾಗಲಿ ಇದು ಅಂಟುವುದಿಲ್ಲ.

ಸಂದೇಹವಿದ್ದವರು 1097 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಬಹುದು, ಅಥವಾ ಸಮೀಪದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಇಬ್ಬರೂ ಜೊತೆಯಾಗಿ ಹೋಗಿರಿ. ಹುಟ್ಟಲಿರುವ ಕಂದನಿಗೆ ಇದೇ ನಿಮ್ಮ ಮೊದಲ ಉಡುಗೊರೆ.