ಸಾಂಟಾ ಫೆಯಲ್ಲಿ ರೂಮು ಹುಡುಕುವ ಮೊದಲು

ಪ್ರವಾಸ ಎಂದರೆ ನಮ್ಮ ಮನೆಯಲ್ಲಿ ಅಪ್ಪ ಟಿಕೆಟ್ ಮಾಡುತ್ತಾರೆ, ಅಮ್ಮ ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳುತ್ತಾರೆ, ನಾನು ಹಿಂದಿನ ಸೀಟಿನಲ್ಲಿ ಮಲಗುತ್ತೇನೆ. ಈ ಸಲ ಅಪ್ಪ, "ನಿನಗೆ ಹದಿನಾರಾಯಿತು, ಸಾಂಟಾ ಫೆಗೆ ಹೋಗೋದು, ಉಳಿಯೋದು ಎಲ್ಲಾ ನೀನೇ ನೋಡು" ಎಂದುಬಿಟ್ಟರು. ಜೊತೆಗೆ ಗದಗದಿಂದ ಬಂದಿದ್ದ ನಮ್ಮಜ್ಜಿ, ವಯಸ್ಸು 73. ನಾನು ಒಂದು ದೊಡ್ಡ ತಪ್ಪು ಮಾಡಿದೆ. ನೀವು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋಗುವ ದಾರಿ. ಡಲ್ಲಾಸ್‌ನಿಂದ ಕಾರಿನಲ್ಲಿ ಹೊರಟರೆ ಸುಮಾರು ಹತ್ತು ಗಂಟೆ ಬೇಕು. ಅಜ್ಜಿಯ ಮೊಣಕಾಲಿಗೆ ಅದು ಆಗದ ಮಾತು. ಹಾಗಾಗಿ ಆಲ್ಬುಕರ್ಕಿಗೆ ವಿಮಾನ. ಸಾಂಟಾ ಫೆಯಲ್ಲೂ ಪುಟ್ಟ ವಿಮಾನ ನಿಲ್ದಾಣವಿದೆ, ಆದರೆ ನಾವು ನೋಡಿದ ದಿನ ಟಿಕೆಟ್ ದುಬಾರಿ ಇತ್ತು. ಆಲ್ಬುಕರ್ಕಿಯಿಂದ ಸಾಂಟಾ ಫೆ ಸುಮಾರು 65 ಮೈಲಿ. ಕಾರು ಬಾಡಿಗೆಗೆ ತೆಗೆದುಕೊಳ್ಳಬಹುದು, ಆದರೆ ನನ್ನ ಮಾತು ಕೇಳಿ, ಒಂದು ಕಡೆಗಾದರೂ ರೈಲ್ ರನ್ನರ್ ರೈಲು ಹತ್ತಿ. ಪೇಟೆಯ ಸ್ಟೇಷನ್ನಿನಿಂದ ಒಂದೂವರೆ ಗಂಟೆಯ ಪ್ರಯಾಣ. ಬಾಗಿಲು ಮುಚ್ಚುವಾಗ ರೋಡ್‌ರನ್ನರ್ ಕಾರ್ಟೂನಿನ ಹಕ್ಕಿಯ ಹಾಗೆ "ಮೀಪ್ ಮೀಪ್" ಎನ್ನುತ್ತದೆ. ನನ್ನ ತಮ್ಮ ಪ್ರತಿ ಸ್ಟೇಷನ್ನಿನಲ್ಲೂ ಅದಕ್ಕೆ ಉತ್ತರ ಕೊಟ್ಟ. ದಾರಿಯಲ್ಲಿ ಪುಯೆಬ್ಲೊ ಜನರ ನೆಲ ಬರುತ್ತದೆ. ಅಲ್ಲಿ ಫೋಟೊ ತೆಗೆಯಬಾರದು, ಫೋನು ಒಳಗಿಡಿ. ಶನಿವಾರ ಭಾನುವಾರ ರೈಲುಗಳು ಕಡಿಮೆ, ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ.

ಇನ್ನೊಂದು ತಮಾಷೆ ಇದೆ. ಸಾಂಟಾ ಫೆ ಹೆಸರಿನ ರೈಲ್ವೆ ಕಂಪನಿ 1880ರಲ್ಲಿ ಇಲ್ಲಿಗೆ ಹಳಿ ತಂದಾಗ, ಗುಡ್ಡಗಳ ಏರು ಕಷ್ಟವೆಂದು ಮುಖ್ಯ ಹಳಿಯನ್ನು ಊರಿಗೇ ತರಲಿಲ್ಲ! ಊರಿಗೆ ಬಂದದ್ದು ಒಂದು ಕವಲು ಮಾತ್ರ. ಈಗಲೂ ಶಿಕಾಗೋದಿಂದ ಲಾಸ್ ಏಂಜಲಿಸ್‌ಗೆ ಹೋಗುವ ಆಮ್‌ಟ್ರ್ಯಾಕ್ ರೈಲು ಸುಮಾರು 18 ಮೈಲಿ ದೂರದ ಲೇಮಿ ಎಂಬ ಹಳ್ಳಿಯಲ್ಲಿ ನಿಲ್ಲುತ್ತದೆ. ಅದರಲ್ಲಿ ಬರುವವರು ಮುಂದಿನ ಗಾಡಿ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಈಗ ನನ್ನ ತಪ್ಪು. ಜಾಹೀರಾತಿನಲ್ಲಿ ಮಣ್ಣಿನ ಬಣ್ಣದ ಮನೆ, ಮೂಲೆಯಲ್ಲಿ ಗೂಡಿನಂಥ ಒಲೆ, ಮಹಡಿಯಿಂದ ಬೆಟ್ಟದ ನೋಟ, "ಪ್ಲಾಜಾಕ್ಕೆ ಎಂಟು ನಿಮಿಷ" ಎಂಬ ಸಾಲು. ಫೋಟೊ ನೋಡಿ ಮರುಳಾದೆ. ಎಂಟು ನಿಮಿಷ ಕಾರಿನಲ್ಲಿ, ಅದೂ ಗುಡ್ಡದ ಮೇಲೆ. ಮಲಗುವ ಕೋಣೆಗೆ ಹದಿನಾಲ್ಕು ಮೆಟ್ಟಿಲು. ಸಾಂಟಾ ಫೆ ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ ಸುಮಾರು 6,300 ಅಡಿ! ಊರಿಗೆ ಊರೇ ಅದಕ್ಕಿಂತ ಮೇಲಿದೆ ಎಂದು ನಾನು ಓದಿದ್ದೆ, ಆದರೆ ಅಜ್ಜಿಗೂ ಅದಕ್ಕೂ ಸಂಬಂಧ ಕಲ್ಪಿಸಿರಲಿಲ್ಲ. ಅಂದು ರಾತ್ರಿ ಅಜ್ಜಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಯವ್ವಾ, ಉಸರ ಸಾಲವಲ್ದು" ಎಂದರು. ಅಪ್ಪ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಎರಡು ಗಂಟೆ ನಾನು ಆ ಗೂಡಿನಂಥ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದೆ. ಗಾಬರಿಯಿಲ್ಲ, ಎತ್ತರದಿಂದ ಹೀಗಾಗಿದೆ, ಎರಡು ದಿನ ಹತ್ತಿಳಿಯಬೇಡಿ, ನೀರು ಚೆನ್ನಾಗಿ ಕುಡಿಯಿರಿ ಎಂದರಂತೆ ಡಾಕ್ಟರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಕಟ್ಟಿದ ಹಣ ಬಿಟ್ಟು ಸೆರಿಯೋಸ್ ರಸ್ತೆಯ ಒಂದು ಮೋಟೆಲಿಗೆ ಬಂದೆವು. ಹಳೆಯ ಮೋಟೆಲುಗಳ ಸಾಲು ಅದು. 1937ರವರೆಗೆ ರೂಟ್ 66 ಈ ಊರಿನ ಮೂಲಕವೇ ಹೋಗುತ್ತಿತ್ತು. ನೋಟ ಏನೂ ಇಲ್ಲ, ಎದುರಿಗೆ ಟೈರಿನಂಗಡಿ. ಆದರೆ ನೆಲಮಟ್ಟದ ರೂಮು, ಬಾಗಿಲ ಮುಂದೆಯೇ ಕಾರು, ಒಳಗೆ ಚಿಕ್ಕ ಸ್ಟೌ, ಪ್ಲಾಜಾ ಕಡೆಗೆ ನಗರದ ಬಸ್ಸು. ಅಜ್ಜಿ ಒಳಗೆ ಬಂದವರೇ ಗೋಡೆಗೆ ಬೆರಳಿನಿಂದ ಟಕಟಕ ಬಡಿದರು. "ಇದು ಮಣ್ಣಲ್ಲ, ಟೊಳ್ಳ ಐತಿ."

ನಿಜ! 1957ರ ನಗರ ನಿಯಮದ ಪ್ರಕಾರ ಹಳೆಯ ಭಾಗದ ಕಟ್ಟಡಗಳು ಹಳೆಯ ಶೈಲಿಯಲ್ಲೇ ಇರಬೇಕು. ಹೊರಗಿನವರೂ ಅದನ್ನೇ ಅನುಸರಿಸುತ್ತಾರೆ. ಹಾಗಾಗಿ ಎಷ್ಟೋ ಕಡೆ ಒಳಗೆ ಮರದ ಚೌಕಟ್ಟು, ಮೇಲೆ ಮಣ್ಣಿನ ಬಣ್ಣದ ಗಾರೆ. ಪಾರ್ಕಿಂಗ್ ಕಟ್ಟಡ ಕೂಡ ಹಾಗೇ ಕಾಣುತ್ತದೆ. ಫೋಟೊದಲ್ಲಿ ಎಲ್ಲ ಒಂದೇ ಥರ ಇರುವುದರಿಂದ ನೀವು ಕೇಳಬೇಕಾದ್ದು ಬೇರೆ: ನಡೆದರೆ ಎಷ್ಟು ದೂರ, ಮೆಟ್ಟಿಲೆಷ್ಟು, ಪಾರ್ಕಿಂಗ್ ಮತ್ತು ತೆರಿಗೆ ಸೇರಿ ಒಟ್ಟು ಎಷ್ಟು. ಮನೆಯಲ್ಲಿ ಹೃದಯ, ಶ್ವಾಸಕೋಶದ ತೊಂದರೆ ಇರುವವರಿದ್ದರೆ ಡಾಕ್ಟರನ್ನು ಮೊದಲೇ ಕೇಳಿ. ಆಗಸ್ಟಿನ ಇಂಡಿಯನ್ ಮಾರ್ಕೆಟ್, ಅಕ್ಟೋಬರಿನಲ್ಲಿ ಆಲ್ಬುಕರ್ಕಿಯ ಬಲೂನ್ ಹಬ್ಬದ ದಿನಗಳಲ್ಲಿ ರೂಮು ಸಿಗುವುದೇ ಕಷ್ಟ. ಪ್ಲಾಜಾ ಮೂಲೆಯಲ್ಲಿ 1922ರಲ್ಲಿ ಕಟ್ಟಿದ ಲಾ ಫೊಂಡಾ ಹೋಟೆಲಿನಲ್ಲಿ ಉಳಿಯುವ ಶಕ್ತಿ ನಮಗಿರಲಿಲ್ಲ, ಒಳಗೆ ಹೋಗಿ ನೋಡಿಕೊಂಡು ಬಂದೆವು.

ಸ್ಟೌ ಇರುವ ರೂಮು ಹಿಡಿದರೆ ಕುಕ್ಕರ್ ತೆಗೆದುಕೊಂಡು ಹೋಗಿ. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಅಮ್ಮನ ತೊಗರಿಬೇಳೆ ಒಂದೂವರೆ ಗಂಟೆ ಕುದಿದರೂ ಕಾಳು ಕಾಳಾಗಿಯೇ ಉಳಿಯಿತು.

ಮೂರನೆಯ ದಿನ ಅಜ್ಜಿ ನಿಧಾನವಾಗಿ ನಡೆದು ಪ್ಲಾಜಾದ ಗವರ್ನರ್‌ಗಳ ಅರಮನೆಗೆ ಬಂದರು. 1610ರ ಸುಮಾರಿಗೆ ಸ್ಪೇನಿನವರು ಕಟ್ಟಲು ಶುರುಮಾಡಿದ್ದು. ಅದರ ಜಗಲಿಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ಬೆಳ್ಳಿಯ ಒಡವೆ ಹರಡಿ ಕುಳಿತಿರುತ್ತಾರೆ. ಅಜ್ಜಿ ಮತ್ತೆ ಗೋಡೆ ಬಡಿದರು, ತಲೆಯೆತ್ತಿ ತೊಲೆಗಳನ್ನು ನೋಡಿದರು. "ಇದು ಖರೇ ಮಣ್ಣು. ನಮ್ಮ ಮಾಳಗಿ ಮನಿ ಹಂಗ ಐತಿ ನೋಡು" ಎಂದು ಅಲ್ಲೇ ಅರ್ಧ ಗಂಟೆ ಕುಳಿತರು.

ಅಜ್ಜಿ ಈಗ ಗದಗದಲ್ಲಿದ್ದಾರೆ. ಮುಂದಿನ ರಜೆಗೆ ನಾನು ಮತ್ತೆ ರೂಮು ಹುಡುಕುತ್ತಿದ್ದೇನೆ ಎಂದು ವಿಡಿಯೊ ಕಾಲಿನಲ್ಲಿ ಹೇಳಿದೆ. ಯಾವ ಊರು ಎಂದು ಅವರು ಕೇಳಲಿಲ್ಲ. "ಮೆಟ್ಲ ಎಷ್ಟ ಅದಾವ?" ಎಂದರು.