ಅಂಕ ಕಡಿಮೆ ಬಂತೇ? ದಾರಿ ಇದೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂತು ಅಂದರೆ ಜಯನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆ ಎಲ್ಲರ ಮನೆಯಲ್ಲೂ ಒಂದೇ ಮಾತು. ಎಷ್ಟು ಬಂತು? ಯಾವ ಕಾಲೇಜು?

ಮನೆಗೆಲಸಕ್ಕೆ ಹೋಗುವ ತಾಯಂದಿರು, ಆಟೋ ಓಡಿಸುವ ತಂದೆಯರು ನಮ್ಮನ್ನು ಕೇಳುತ್ತಾರೆ: "ಅಕ್ಕಾ, ನಮ್ಮ ಹುಡುಗಿಗೆ 325 ಬಂದಿದೆ. ಒಳ್ಳೆ ಕಾಲೇಜು ಸಿಗುತ್ತಾ?"

ಮೊದಲು ಲೆಕ್ಕ ಮಾಡೋಣ. ಒಟ್ಟು ಅಂಕ 625. ಅದರಲ್ಲಿ 325 ಬಂದರೆ ನೂರಕ್ಕೆ 52. ಹುಡುಗಿ ಪಾಸಾಗಿದ್ದಾಳೆ. ಅವಳನ್ನು ಬೈಯಬೇಡಿ. "ಸಾಕು ಓದಿದ್ದು" ಅನ್ನಬೇಡಿ. ಅಂಕ ಕಡಿಮೆಯಾದರೆ ದಾರಿ ಸ್ವಲ್ಪ ಸುತ್ತು ಆಗಬಹುದು. ಆದರೆ ದಾರಿ ಮುಚ್ಚುವುದಿಲ್ಲ.

ಇನ್ನೊಮ್ಮೆ ಬರೆಯಬಹುದು

ಉತ್ತರ ಪತ್ರಿಕೆಯ ನಕಲು ತರಿಸಿ ನೋಡಬಹುದು. ಅಂಕ ಕೂಡಿದ್ದು ತಪ್ಪಿದ್ದರೆ ಮರುಎಣಿಕೆ ಕೇಳಬಹುದು. ಮರುಮೌಲ್ಯಮಾಪನವನ್ನೂ ಕೇಳಬಹುದು. ಇದಕ್ಕೆ ಶುಲ್ಕ ಉಂಟು, ಕೊನೆಯ ದಿನ ಉಂಟು. ಶಾಲೆಯಲ್ಲಿ ಬೇಗ ವಿಚಾರಿಸಿ.

2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ಉಳಿಯುತ್ತದೆ.

ಒಂದೇ ಕಾಲೇಜು ನಂಬಬೇಡಿ

ಜಯನಗರದಲ್ಲೇ ನ್ಯಾಷನಲ್ ಕಾಲೇಜು, ವಿಜಯಾ ಕಾಲೇಜು, ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜು ಇವೆ. ಹೆಸರಾದ ಕಡೆ ಪೈಪೋಟಿ ಜಾಸ್ತಿ. ಅದಕ್ಕೇ ಮೂರು ನಾಲ್ಕು ಕಡೆ ಅರ್ಜಿ ಹಾಕಿ. ಒಂದು ಸರ್ಕಾರಿ ಕಾಲೇಜೂ ಅದರಲ್ಲಿ ಇರಲಿ. ಮೊದಲ ಪಟ್ಟಿಯಲ್ಲಿ ಹೆಸರು ಇಲ್ಲವೇ? ಎರಡನೇ ಪಟ್ಟಿಗೆ ಕಾಯಿರಿ. ಬೇರೆ ಕಡೆ ಸೀಟು ಸಿಕ್ಕವರು ಬಿಟ್ಟು ಹೋಗುತ್ತಾರೆ. ಆಗ ಜಾಗ ಖಾಲಿಯಾಗುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣ ಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಡಿ. ಕಾಗದ ಇಲ್ಲದಿದ್ದರೆ ಮೀಸಲು ಸೀಟು ಕೈತಪ್ಪುತ್ತದೆ.

ಹಳೆಯ ಅಂಕ ಬೆನ್ನು ಹತ್ತುವುದಿಲ್ಲ

ಪಿ.ಯು.ಸಿ. ವಿಜ್ಞಾನ ಓದಿ ಇಂಜಿನಿಯರಿಂಗ್‌ಗೆ ಹೋಗಬೇಕೇ? ಆಗ ಸಿ.ಇ.ಟಿ. ಪರೀಕ್ಷೆ ಬರೆಯಬೇಕು. ಅದರ ರ‍್ಯಾಂಕಿಗೆ ಅರ್ಧ ಸಿ.ಇ.ಟಿ. ಅಂಕ, ಅರ್ಧ ಪಿ.ಯು.ಸಿ. ಅಂಕ. ಹತ್ತನೇ ತರಗತಿಯ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದ ಮಕ್ಕಳಿಗೆ, ಹಳ್ಳಿ ಶಾಲೆಯಲ್ಲೇ ಓದಿದ ಮಕ್ಕಳಿಗೆ ಸಿ.ಇ.ಟಿ. ಸೀಟಿನಲ್ಲಿ ಬೇರೆ ಬೇರೆ ಮೀಸಲಾತಿ ಇದೆ.

ಡಿಪ್ಲೊಮಾ ಎಂಬ ಮೆಟ್ಟಿಲು

ಎಸ್.ಎಸ್.ಎಲ್.ಸಿ. ಆದ ಮೇಲೆ ಪಾಲಿಟೆಕ್ನಿಕ್ ಸೇರಬಹುದು. ಮೂರು ವರ್ಷದ ಡಿಪ್ಲೊಮಾ. ಕೆ.ಆರ್. ವೃತ್ತದ ಹತ್ತಿರ ಶ್ರೀ ಜಯಚಾಮರಾಜೇಂದ್ರ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಮುಗಿಸಿ ಡಿ.ಸಿ.ಇ.ಟಿ. ಬರೆದರೆ ಇಂಜಿನಿಯರಿಂಗ್ ಕಾಲೇಜಿನ ಎರಡನೇ ವರ್ಷಕ್ಕೇ ಸೇರಬಹುದು. ಬಸವನಗುಡಿಯ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜು 1946ರಲ್ಲಿ ಶುರುವಾದದ್ದು. ಅಂಥ ದೊಡ್ಡ ಕಾಲೇಜಿಗೂ ಹೀಗೆ ಹೋಗುವವರಿದ್ದಾರೆ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರೂ ಮಹಡಿ ಸಿಗುತ್ತದೆ.

ದಲ್ಲಾಳಿಯ ಮಾತು ಕೇಳಬೇಡಿ

"ಐವತ್ತು ಸಾವಿರ ಕೊಡಿ, ಸೀಟು ಕೊಡಿಸ್ತೀನಿ" ಅನ್ನುವವರು ಬರುತ್ತಾರೆ. ಒಡವೆ ಅಡ ಇಡಬೇಡಿ. ಸೀಟಿಗಾಗಿ ವಂತಿಗೆ ಕೇಳುವುದು ಅಪರಾಧ. ಕರ್ನಾಟಕದಲ್ಲಿ ಇದಕ್ಕೆ 1984ರಲ್ಲೇ ಕಾನೂನು ಬಂತು. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಕರ್ನಾಟಕದ ವೈದ್ಯಕೀಯ ಸೀಟಿನ ವಿಷಯ. ವಂತಿಗೆ ತೆಗೆದುಕೊಳ್ಳುವುದು ತಪ್ಪು ಎಂದು 1992ರಲ್ಲಿ ಕೋರ್ಟು ಹೇಳಿತು. ಶುಲ್ಕವನ್ನು ಕಾಲೇಜಿನಲ್ಲೇ ಕಟ್ಟಿ. ರಸೀದಿ ಕೇಳಿ ಪಡೆಯಿರಿ. ರಸೀದಿಯಲ್ಲಿ ಎಷ್ಟು ಬರೆದಿದೆ, ನೀವೇ ಓದಿ ನೋಡಿ.

ಒಳ್ಳೆ ಕಾಲೇಜು ಅಂದರೆ ದೊಡ್ಡ ಕಟ್ಟಡ ಅಲ್ಲ. ಪಾಠ ಸರಿಯಾಗಿ ನಡೆಯಬೇಕು. ಪ್ರಯೋಗಶಾಲೆ, ಗ್ರಂಥಾಲಯ ತೆರೆದಿರಬೇಕು. ಮನೆಯಿಂದ ಬಸ್ಸು ಇರಬೇಕು. ಸೇರಿಸುವ ಮೊದಲು ಮಗಳ ಜೊತೆ ನೀವೂ ಹೋಗಿ ನೋಡಿ ಬನ್ನಿ. ಅವಳಿಗೆ ಏನು ಓದಲು ಇಷ್ಟ, ಅದನ್ನೂ ಕೇಳಿ.

ಓದಿ, ಉತ್ತರ ಹೇಳಿ

1. 625ಕ್ಕೆ 325 ಬಂದರೆ ನೂರಕ್ಕೆ ಎಷ್ಟು?
2. ಡಿಪ್ಲೊಮಾ ಮುಗಿಸಿದವರು ಯಾವ ಪರೀಕ್ಷೆ ಬರೆಯಬೇಕು?
3. ಶುಲ್ಕ ಕಟ್ಟಿದ ಮೇಲೆ ಏನು ಪಡೆಯಬೇಕು?