ಬೆಳೆ, ಬೆಲೆ, ಬೇಳೆ: ಗಣಕದಲ್ಲಿ ವರ್ಗನಾಮಗಳ ಪರಿವರ್ತನೆ

ಗಣಕದ ಕ್ರಮವಿಧಿಯಲ್ಲಿ ಒಂದು ಬಗೆಯ ದತ್ತಾಂಶವನ್ನೂ ಅದರ ಮೇಲೆ ನಡೆಯುವ ಕ್ರಿಯೆಗಳನ್ನೂ ಒಟ್ಟುಗೂಡಿಸಿ ಒಂದು ಹೆಸರು ಕೊಡುತ್ತಾರೆ. ಈ ಗುಂಪೇ 'ಕ್ಲಾಸ್' ಅಥವಾ ವರ್ಗ. ನಾಲ್ಕಾರು ವರ್ಗಗಳಿದ್ದರೆ ನಾವೇ ಹೆಸರಿಡಬಹುದು. ನೂರಾರು ಇದ್ದಾಗ, ಕೋಷ್ಟಕದ ಹೆಸರಿನಿಂದ ವರ್ಗನಾಮವನ್ನು ತಾನಾಗಿ ತಯಾರಿಸುವ ಪುಟ್ಟ ಕ್ರಮವಿಧಿಗಳ ನೆರವು ಬೇಕಾಗುತ್ತದೆ. 2004ರಲ್ಲಿ ಬಂದ 'ರೂಬಿ ಆನ್ ರೈಲ್ಸ್' ತಂತ್ರಾಂಶದಲ್ಲಿ ಇಂಥ ಸೌಲಭ್ಯ ಇದೆ.

ಒಂಟೆ ಮತ್ತು ಹಾವು

ಹೆಸರಿನೊಳಗೆ ಖಾಲಿ ಜಾಗ ಇರಕೂಡದು ಎಂಬುದು ಬಹುತೇಕ ಗಣಕ ಭಾಷೆಗಳ ನಿಯಮ. ಹಾಗಾದರೆ ಎರಡು ಪದಗಳ ಗಡಿಯನ್ನು ತೋರಿಸುವುದು ಹೇಗೆ? ಇದಕ್ಕೆ ಎರಡು ರೂಢಿಗಳಿವೆ. ಪ್ರತಿ ಪದದ ಮೊದಲ ಅಕ್ಷರವನ್ನು ರೋಮನ್ ದೊಡ್ಡಕ್ಷರದಲ್ಲಿ ಬರೆದು ಪದಗಳನ್ನು ಕೂಡಿಸುವುದು ಒಂದು. ನಡುನಡುವೆ ಒಂಟೆಯ ಡುಬ್ಬದಂತೆ ಏಳುವುದರಿಂದ ಇದು 'ಒಂಟೆ ರೂಪ'. ಎಲ್ಲವನ್ನೂ ಚಿಕ್ಕಕ್ಷರದಲ್ಲಿ ಬರೆದು ನಡುವೆ ಅಡಿಗೆರೆ ಹಾಕುವುದು ಇನ್ನೊಂದು, 'ಹಾವಿನ ರೂಪ'. ಪೈಥಾನ್ ಭಾಷೆಯ ರೂಢಿಯಲ್ಲಿ ವರ್ಗನಾಮಕ್ಕೆ ಮೊದಲನೆಯದು, ಕ್ರಿಯೆಗಳ ಹೆಸರಿಗೆ ಎರಡನೆಯದು.

ಒಂದರಿಂದ ಇನ್ನೊಂದಕ್ಕೆ ಹೋಗುವ ವಿಧಾನ ಸರಳ. ದೊಡ್ಡಕ್ಷರ ಕಂಡಲ್ಲಿ ಅದರ ಹಿಂದೆ ಅಡಿಗೆರೆ ಹಾಕಿ, ಅಕ್ಷರವನ್ನು ಚಿಕ್ಕದಾಗಿಸಿದರೆ ಹಾವಿನ ರೂಪ ಸಿದ್ಧ. ಆದರೆ ಹಿಂದಿರುಗುವ ದಾರಿ ಯಾವಾಗಲೂ ಇರುವುದಿಲ್ಲ. 'ಎಚ್‌ಟಿಎಂಎಲ್' ಎಂಬ ಸಂಕ್ಷೇಪದ ನಾಲ್ಕೂ ದೊಡ್ಡಕ್ಷರಗಳು ಒಮ್ಮೆ ಚಿಕ್ಕದಾದರೆ, ಮರಳಿ ಬರುವಾಗ ಮೊದಲನೆಯದು ಮಾತ್ರ ದೊಡ್ಡದಾಗುತ್ತದೆ. ಭೌತವಿಜ್ಞಾನದ ಮಾತಿನಲ್ಲಿ ಇದು ಅಪ್ರತಿವರ್ತ್ಯ ಕ್ರಿಯೆ. ಬಿಸಿನೀರಿಗೆ ತಣ್ಣೀರು ಬೆರೆಸಿದ ಮೇಲೆ ಅವು ತಾವಾಗಿ ಬೇರೆಯಾಗುವುದಿಲ್ಲವಷ್ಟೆ.

ಕನ್ನಡ ಪದಗಳ ತೊಡಕು

ಹಾವೇರಿ ಜಿಲ್ಲೆಯ ಅಗಡಿಯ ವಿದ್ಯಾರ್ಥಿಗಳು ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿಯ ಲೆಕ್ಕಕ್ಕೆ ಒಂದು ಕ್ರಮವಿಧಿ ಬರೆಯುತ್ತಾರೆ ಎಂದುಕೊಳ್ಳೋಣ. ಕೋಷ್ಟಕಗಳ ಹೆಸರು ಬೆಳೆ ಮತ್ತು ಬೆಲೆ. ನಾವು ದಿನವೂ ಬಳಸುವ ರೋಮನ್ ಕಾಗುಣಿತದಲ್ಲಿ ಇವೆರಡಕ್ಕೂ ಒಂದೇ ರೂಪ. ಬೇಳೆಯೂ ಸೇರಿದರೆ ಮೂರಕ್ಕೂ ಅದೇ! ಒಂದೇ ಕಡತದಲ್ಲಿ ಒಂದೇ ಹೆಸರಿನ ಎರಡು ವರ್ಗಗಳಿದ್ದರೆ ಜಾವಾ ಭಾಷೆ ದೋಷವೆಂದು ತಡೆಯುತ್ತದೆ. ಪೈಥಾನ್ ತಕರಾರು ಮಾಡದೆ ಹಿಂದಿನ ವರ್ಗವನ್ನು ಬಿಟ್ಟು ಕೊನೆಯದನ್ನು ಉಳಿಸಿಕೊಳ್ಳುತ್ತದೆ. ಆಗ ಬೆಳೆಯ ಕ್ವಿಂಟಲ್ ಲೆಕ್ಕ ಬೆಲೆಯ ರೂಪಾಯಿ ಲೆಕ್ಕದ ವರ್ಗಕ್ಕೆ ಹೋಗಿ ಸೇರಬಹುದು.

'ಬರಹ' ತಂತ್ರಾಂಶದ ಲಿಪ್ಯಂತರ ಪದ್ಧತಿ ಈ ಗೊಂದಲವನ್ನು ತಪ್ಪಿಸುತ್ತದೆ. ಅದರಲ್ಲಿ ಚಿಕ್ಕ 'ಎಲ್' ಅಂದರೆ ಲ, ದೊಡ್ಡ 'ಎಲ್' ಅಂದರೆ ಳ. ಆದರೆ ಒಂಟೆ ರೂಪದಲ್ಲಿ ದೊಡ್ಡಕ್ಷರಕ್ಕೆ ಬೇರೊಂದು ಕೆಲಸವಿದೆ. ಅಲ್ಲಿ ಅದು ಹೊಸ ಪದದ ಆರಂಭ. ಹೀಗಾಗಿ ಪರಿವರ್ತಕವು 'ಬೆಳೆ'ಯನ್ನು ಎರಡು ಪದಗಳೆಂದು ತಿಳಿದು 'ಬೆ_ಲೆ' ಎಂದು ಸೀಳುತ್ತದೆ. ಒಂದೇ ಚಿಹ್ನೆಗೆ ಎರಡು ಅರ್ಥ ಕೊಟ್ಟದ್ದರ ಫಲ ಇದು.

ಇದರ ವಿರುದ್ಧ ದೋಷವೂ ಉಂಟು. ರಾಣೆಬೆನ್ನೂರನ್ನು ರೋಮನ್ ಲಿಪಿಯಲ್ಲಿ ಕೆಲವರು 'ರಾಣೆ' ಎಂದೂ ಕೆಲವರು 'ರಾಣಿ' ಎಂದೂ ಬರೆಯುತ್ತಾರೆ. ಊರು ಒಂದೇ, ವರ್ಗನಾಮ ಎರಡು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹಳೆಯ ಕಾಗುಣಿತದಿಂದ ಹುಟ್ಟಿದ ಹೆಸರು ಹೊಸದಕ್ಕೆ ಹೊಂದುವುದಿಲ್ಲ.

ಪರಿಹಾರ

1. ಮೂಲವನ್ನು ಕನ್ನಡದಲ್ಲೇ, ಪದಗಳ ಪಟ್ಟಿಯಾಗಿ ಇಟ್ಟುಕೊಳ್ಳಬೇಕು. ಒಂಟೆ ಮತ್ತು ಹಾವಿನ ರೂಪಗಳೆರಡನ್ನೂ ಆ ಪಟ್ಟಿಯಿಂದಲೇ ತಯಾರಿಸಬೇಕು, ಒಂದರಿಂದ ಇನ್ನೊಂದನ್ನಲ್ಲ.

2. ಪ್ರತಿ ಕನ್ನಡ ಪದಕ್ಕೂ ಒಂದು ನಿಶ್ಚಿತ ರೋಮನ್ ಹೆಸರಿನ ಕೋಷ್ಟಕವಿರಲಿ. ಬೆಳೆಗೆ 'ಕ್ರಾಪ್', ಬೆಲೆಗೆ 'ಪ್ರೈಸ್' ಎಂದಿಟ್ಟರೆ ಗೊಂದಲವಿಲ್ಲ.

3. ಮೂಲ ಪದಗಳೆಷ್ಟೋ ಹುಟ್ಟಿದ ಹೆಸರುಗಳೂ ಅಷ್ಟೇ ಇವೆಯೇ ಎಂದು ಕ್ರಮವಿಧಿಯೇ ಎಣಿಸಲಿ. ಕಡಿಮೆಯಾದರೆ ಕೆಲಸ ನಿಲ್ಲಿಸಲಿ.

2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಬೆಳೆ_ಬೆಲೆ ಎಂದು ಕನ್ನಡದಲ್ಲೇ ಹೆಸರಿಡಲು ಸಾಧ್ಯ. ಯೂನಿಕೋಡ್‌ನಲ್ಲಿ ಲ ಅಕ್ಷರದ ಸಂಖ್ಯೆ 3250, ಳ ಅಕ್ಷರದ್ದು 3251. ಆದ್ದರಿಂದ ಅವು ಬೆರೆಯುವುದಿಲ್ಲ. ಆದರೆ ಎರಡು ಎಚ್ಚರಿಕೆ ಅಗತ್ಯ. 'ಬೇ' ಅಕ್ಷರದ ದೀರ್ಘ ಏತ್ವವನ್ನು 3271 ಎಂಬ ಒಂದೇ ಸಂಕೇತವಾಗಿಯೂ, 3270 ಮತ್ತು 3285 ಎಂಬ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹೆಸರುಗಳಲ್ಲಿ ಪೈಥಾನ್ ಇವನ್ನು ತಾನೇ ಸಮಗೊಳಿಸುತ್ತದೆ, ದತ್ತಾಂಶದಲ್ಲಿ ನಾವು ಸಮಗೊಳಿಸಬೇಕು. ಇನ್ನೊಂದು, 'ಸಾಫ್ಟ್‌ವೇರ್' ಮುಂತಾದ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ 8204ನೇ ಸಂಕೇತ. ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪುವುದಿಲ್ಲ.

ಮಾಡಿ ನೋಡಿ

ಕಲೆ, ಕಳೆ, ಬಲ, ಬಾಲ, ಹಲ್ಲಿ, ಹಳ್ಳಿ, ಮನ, ಮಾನ, ತಪ, ತಾಪ: ಈ ಹತ್ತು ಪದಗಳನ್ನು ಮೊಬೈಲ್ ಸಂದೇಶದಲ್ಲಿ ಬರೆಯುವಂತೆ ರೋಮನ್ ಚಿಕ್ಕಕ್ಷರದಲ್ಲಿ ಬರೆಯಲು ವಿದ್ಯಾರ್ಥಿಗಳಿಗೆ ಹೇಳಿ. ದೀರ್ಘ ಸ್ವರಕ್ಕೆ ಅಕ್ಷರವನ್ನು ಇಮ್ಮಡಿಸದಿದ್ದರೆ ಉಳಿಯುವುದು ಐದೇ ಹೆಸರು. ಎಲ್ಲರೂ ಇಮ್ಮಡಿಸಿದರೆ ಎಷ್ಟಾಗುತ್ತವೆ? ಆಗಲೂ ಬೇರೆಯಾಗದ ಜೋಡಿಗಳು ಯಾವುವು, ಏಕೆ? ತರಗತಿಯಲ್ಲಿ ಚರ್ಚಿಸಿ.